ಎಮ್ಮೆ ತಿಂದ ಬಳ್ಳಿ

ಹುಳ ಕೊರೆದ ಗೆಣಸು ಬೇಯುವಾಗ ಏಳುವ ಕಹಿ ವಾಸನೆಯನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಆ ವಾಸನೆಗೆ ಕರ್ಕಿ ಊರಿನ ನಮ್ಮ ಅಡುಗೆಮನೆ ಇಂದಿಗೂ ಕಣ್ಣೆದುರು ಬರುತ್ತದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲವದು. ಮನೆ ಹಿಸ್ಸೆಯಾಗಿ ದೊಡ್ಡಪ್ಪ, ದೊಡ್ಡಮ್ಮ ಮುಳ್ಳುಬೇಲಿಯ ಆಚೆ ಬಿಡಾರ ಹೂಡಿದ್ದರು. ಅಜ್ಜಿ ನಮ್ಮೊಂದಿಗೆ ಉಳಿದಳು. ಅವಳ ಮನೆಯಲ್ಲಿ ಎಲ್ಲಕ್ಕೂ ಕ್ರಮವಿತ್ತು. ಭತ್ತ ಕೊಯ್ದ ಮೇಲೆ ಮರಳುಮಣ್ಣನ್ನು ಸಾಲುದಿಬ್ಬವಾಗಿ ಏರಿಸಿ, ಆ ಏರಿನ ಮೇಲೆ ಗೆಣಸಿನ ಬಳ್ಳಿ ನೆಡಬೇಕು, ಶಿವರಾತ್ರಿಗೆ ಅಗೆಯಬೇಕು, ಆಮೇಲೆ ಬೆಳಗಿನ ಗಂಜಿಯ ಜೊತೆ ಮಕ್ಕಳಿಗೆಲ್ಲ ಅದೇ. ಮಳೆಗಾಲದಲ್ಲಿ ಬಳ್ಳಿಯನ್ನು ಬಚ್ಚಲ ಹಿಂದಿನ ದಿಬ್ಬದಲ್ಲಿ ಉಳಿಸಿಕೊಳ್ಳಬೇಕು, ಕೇಳಿದವರಿಗೆ ಒಂದು ತೆಕ್ಕೆ ಕೊಡಬೇಕು. ಬಳ್ಳಿ ಕೇಳಿದವರಿಗೆ ಇಲ್ಲವೆನ್ನಬಾರದು ಎಂಬುದು ಊರ ಪದ್ಧತಿ. ಕೇಳುವುದೇ ಇಲ್ಲ ಎನ್ನುವವರಿಗೆ ಪದ್ಧತಿ ಏನು ಮಾಡೀತು?

ಅಷ್ಟರಲ್ಲಿ ನಮ್ಮ ಬಳ್ಳಿಗೆ ಹುಳ ಹತ್ತಿ, ಬುಡ ಉಬ್ಬಿ ಬಿರಿಯತೊಡಗಿತ್ತು. ಗೆಡ್ಡೆ ಬೆರಳಿನಷ್ಟಾಗಿ, ಒಳಗೆಲ್ಲ ತೂತು. ಅಜ್ಜಿ ಬೇಲಿಯಾಚೆಯ ಸೊಸೆಯ ಕಣ್ಣುಬಿದ್ದಿತೆಂದು ಶಪಿಸಿ, ಅದೇ ಬಳ್ಳಿಯನ್ನು ಅದೇ ಏರಿಗೆ ವರ್ಷವರ್ಷವೂ ನೆಟ್ಟಳು. ದೊಡ್ಡಮ್ಮ ಮಾವಳ್ಳಿಯ ತವರಿನಿಂದ ತಂದ ಬಳ್ಳಿ ಬೇಲಿಯಾಚೆ ಹಸಿರಾಗಿ ಹಬ್ಬಿತ್ತು. ಒಂದು ಬೆಳಿಗ್ಗೆ ಅವಳು ಒಂದು ತೆಕ್ಕೆ ಬಳ್ಳಿ ಬೇಲಿಯ ಮೇಲಿಂದ ಎಸೆದಳು.

"ಅತ್ತೇ, ನಿಮ್ಮ ಬಳ್ಳಿ ಕಿತ್ತು ಸುಡಿ, ಇದನ್ನ ನೆಡಿ. ಪ್ರೀತಿಗೆ ಕೊಟ್ಟದ್ದಲ್ಲ, ಆ ಹುಳ ನನ್ನ ಹಿತ್ಲಿಗೆ ಬರುದು ಬ್ಯಾಡ."

"ಆತು, ನಮ್ಮ ಎಮ್ಮೆಗೆ ಮೇವಾತು," ಎಂದಳು ಅಜ್ಜಿ. ದೊಡ್ಡಮ್ಮನ ಕಣ್ಣೆದುರೇ ಅಷ್ಟನ್ನೂ ಎಮ್ಮೆಯ ಮುಂದೆ ಸುರಿದಳು.

ಹುಳಕ್ಕೆ ಹಿಸ್ಸೆಯ ಬೇಲಿ ತಿಳಿಯದು. ಮರುವರ್ಷ ಎರಡೂ ಹಿತ್ತಲು ಅಗೆದಾಗ ಅದೇ ವಾಸನೆ. ಶಿವರಾತ್ರಿಯ ಬೆಳಿಗ್ಗೆ ಗೆಣಸಿನ ಬುಟ್ಟಿ ಹೊತ್ತು ಮಾರಲು ಬಂದ ಹೆಂಗಸಿನ ಎದುರು ಅಜ್ಜಿ, ದೊಡ್ಡಮ್ಮ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಗೆಣಸು ಮುರಿದು ಮೂಸಿದರು.

"ನಮ್ಮತ್ತೆ ಮೂಗಿಗೆ ಮೊದ್ಲು ಹಿಡಿ ಮಾರಾಯ್ತಿ. ಕೆಟ್ಟ ಗೆಣಸಿನ ಪರಿಚಯ ಅವರಿಗೇ ಜಾಸ್ತಿ," ಎಂದಳು ದೊಡ್ಡಮ್ಮ.

ಅಜ್ಜಿ ಹುಳವಿಲ್ಲದ್ದನ್ನು ಆರಿಸಿ ಕೊಂಡಳು. ಆ ಮನೆಗೆ ಗೆಣಸು ಕೊಂಡು ತಂದದ್ದು ಅದೇ ಮೊದಲು. ಬೇಯಿಸಿ ನಮಗೆಲ್ಲ ಬಡಿಸಿದಳು, ತಾನು ಮುಟ್ಟಲಿಲ್ಲ. "ಉಪವಾಸ ಅಂದ್ರೆ ಉಪವಾಸ," ಎಂದಳು. ಮುಂದೆ ಅವಳು ಏರು ಮಾಡಲಿಲ್ಲ. ದೊಡ್ಡಮ್ಮನೂ ಮಾಡಲಿಲ್ಲ. ಒಬ್ಬರೊಡನೊಬ್ಬರು ಮಾತಿಲ್ಲದೆಯೇ ಇಬ್ಬರೂ ತೀರಿಕೊಂಡರು.

ಈಗ ಬೇಲಿ ಇಲ್ಲ. ಬಚ್ಚಲ ದಿಬ್ಬವೂ ಸಮವಾಗಿದೆ. ಬಳ್ಳಿ ಬೇಡಲು ಯಾರಿಗೂ ಸಂಕೋಚವಿಲ್ಲ, ಆದರೆ ಬಳ್ಳಿ ಉಳಿಸಿ ಇಟ್ಟುಕೊಂಡವರೇ ಇಲ್ಲ.