ಮಡಿಸಿದ ಬೆರಳು

ಕ್ರಿಸ್‌ಮಸ್ ರಜೆಗೆ ದೊಡ್ಡಪ್ಪನ ಮನೆಯವರೂ ನಾವೂ ಸೇರಿ ತುಮಕೂರಿಂದ ಕಾರವಾರಕ್ಕೆ ಹೋಗಿದ್ದೆವು. ಒಳ್ಳೇ ಬಿಸಿಲು. ಕಸಿನ್ಸ್ ಎಲ್ಲ ಅಲೆಯಲ್ಲಿ ಕಿರುಚಾಡುತ್ತಿದ್ದರೆ ನಾನು ಅವರ ಚಪ್ಪಲಿ ಕಾಯುತ್ತಾ ಕೂತಿದ್ದೆ. ಕಾಯಲು ಯಾರೂ ಹೇಳಿರಲಿಲ್ಲ.

ಮರುದಿನ ಡಾಲ್ಫಿನ್ ನೋಡಲು ಬೋಟ್ ಹತ್ತಿದೆವು. "ಕಂಡ್ರೆ ಕೂಗ್ಬೇಡಿ, ಕೈ ತೋರಿಸಿ," ಅಂದಿದ್ದರು ಬೋಟಿನವರು. ಎಲ್ಲರೂ ಬಲಗಡೆ ನೋಡುತ್ತಿದ್ದಾಗ, ಎಡಗಡೆ ಒಬ್ಬಳೇ ಕೂತಿದ್ದ ನನ್ನೆದುರು ಒಂದು ಬೂದು ಬೆನ್ನು ನೀರಿನಿಂದ ಮೇಲೆದ್ದಿತು.

ಕುಂಬಳದ ಹೀಚಿಗೆ ಬೆರಳು ನೇರ ತೋರಿಸಿದರೆ ಕೊಳೆಯುತ್ತದೆ, ಮಡಿಸಿ ತೋರಿಸು ಅಂತ ಚೇಳೂರಿನ ಅಜ್ಜಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಆಮೇಲೆ ಏನನ್ನು ತೋರಿಸುವಾಗಲೂ ನನ್ನ ಬೆರಳು ತಾನಾಗಿ ಮಡಿಸಿಕೊಳ್ಳುತ್ತದೆ. ಈಗಲೂ ಹಾಗೇ ಆಯಿತು. ಮಡಿಸಿದ ಬೆರಳು ನೋಡಿ, ನಾನು ತಮ್ಮನ್ನೇ ಕರೆಯುತ್ತಿದ್ದೇನೆ ಅಂದುಕೊಂಡ ಬೋಟಿನವರು ಬಂದು, "ಎಂತ ಆಯ್ತು, ವಾಂತಿ ಬರ್ತದಾ?" ಎಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು "ಡಾಲ್ಫಿನ್" ಅನ್ನುವಷ್ಟರಲ್ಲಿ ಅಲ್ಲಿ ಬರೀ ನೀರು.

"ಕಾನ್ವೆಂಟ್ ಪುಸ್ತಕದಲ್ಲಿ ನೋಡಿರ್ತೀಯ ಬಿಡೇ," ಎಂದು ದೊಡ್ಡಪ್ಪ ನಕ್ಕರು. ಡಾಲ್ಫಿನ್‌ಗೆಂದು ಉಳಿಸಿದ್ದ ಕ್ಯಾಮೆರಾ ರೀಲಿನಲ್ಲಿ ಕವರ್ ಹಿಡಿದ ನನ್ನ ಫೋಟೊ ತೆಗೆದರು. ಅಪ್ಪ ಅಮ್ಮನೂ ನಕ್ಕರು. ವಾಪಸ್ ಬರುವಾಗ ವಾಂತಿ ಹುಡುಗಿ ಅಂತ ಕಿಟಕಿ ಪಕ್ಕದ ಸೀಟಂತೂ ಸಿಕ್ಕಿತು.

ಮುಂದಿನ ಭಾನುವಾರ ಚೇಳೂರಿಗೆ ಹೋದಾಗ, ಸಮುದ್ರವನ್ನೇ ನೋಡದ ಅಜ್ಜಿಗೆ ಎಲ್ಲ ಹೇಳಿದೆ.

"ಯಾರೂ ನಂಬಲಿಲ್ಲ ಅಜ್ಜಿ."

"ಬೆರಳು ಮಡಿಸೇ ತೋರ್ಸಿದ್ದು ತಾನೇ?"

"ಹೂಂ."

"ಹಂಗಾರೆ ಅದಕ್ಕೇನೂ ಆಗಿರಾಕಿಲ್ಲ ಬುಡು," ಅಂದರು ಅಜ್ಜಿ, ನಿರಾಳವಾಗಿ.