ಜರ್ಮನ್ ಸರ್ ಕೇಳಿದ ಸಣ್ಣ ಪ್ರಶ್ನೆಗಳು

ನಿನ್ನೆ ಸ್ಟಾಫ್ ರೂಮಿನಲ್ಲಿ ಒಂದು ಮದುವೆ ಕಾರ್ಡು ಕೈಯಿಂದ ಕೈಗೆ ಓಡಾಡುತ್ತಿತ್ತು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರು. ಹುಡುಗ ಯಾರ ಪೈಕಿ, ಕಲ್ಯಾಣ ಮಂಟಪ ಯಾವುದು ಎಂದು ಎಲ್ಲರೂ ಓದುತ್ತಿದ್ದರೆ, ನಾನು ಮಾತ್ರ ಅದನ್ನು ತಿರುಗಿಸಿ ಹಿಂಬದಿ ಖಾಲಿ ಇದೆಯೇ ಎಂದು ನೋಡಿದೆ. ಖಾಲಿ ಇತ್ತು! ಮೂಗಿನ ಹತ್ತಿರ ಹಿಡಿದೆ. ಅರಿಶಿನದ ವಾಸನೆ, ಜೊತೆಗೆ ಪ್ರೆಸ್ಸಿನ ಶಾಯಿಯ ಘಮ...

"ಏನ್ ಮೇಡಂ, ಊಟದ ವಾಸ್ನಿ ಈಗ್ಲೇ ಬರಾಕತ್ತೈತೇನು?" ಎಂದು ಗಣಿತದ ಮೇಷ್ಟ್ರು ಕಾಲೆಳೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಕತ್ತರಿಗಾಗಿ ಡ್ರಾಯರು ಜಾಲಾಡಿದೆ. ಅರಿಶಿನ ಹಚ್ಚಿದ ಕಾರ್ಡಿನ ವಾಸನೆ ಬಂದರೆ ಎಲ್ಲರಿಗೂ ಮದುವೆ ನೆನಪಾಗುತ್ತದೆ. ನನಗೆ ನೆನಪಾಗುವುದು ಜರ್ಮನ್ ಭಾಷೆ, ಅದನ್ನು ಕಲಿಸಿದ ನಮ್ಮ ಜರ್ಮನ್ ಸರ್.

ಆಗ ನಾನು ಒಂಬತ್ತನೇ ತರಗತಿ. ಚಿತ್ತವಾಡ್ಗಿಯಿಂದ ಆಟೋದಲ್ಲಿ ಏಳೆಂಟು ಮಂದಿಯ ನಡುವೆ ಒತ್ತರಿಸಿಕೊಂಡು ಶಾಲೆಗೆ ಬರುತ್ತಿದ್ದೆ. ಹೊಸಪೇಟೆಯ ನಮ್ಮ ಶಾಲೆಯವರಿಗೆ ಅದೇನು ಹುಮ್ಮಸ್ಸೋ, ಮೂರನೇ ಭಾಷೆಯಾಗಿ ಜರ್ಮನ್ ಕಲಿಸುತ್ತೇವೆ ಎಂದು ಗೇಟಿಗೆ ದೊಡ್ಡ ಬೋರ್ಡು ಹಾಕಿಸಿಬಿಟ್ಟರು. ಬೋರ್ಡೇನೋ ಬಂತು, ಕಲಿಸುವವರು ನಿಲ್ಲಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಟೀಚರ್ ನಮ್ಮ ಬಿಸಿಲಿಗೆ ಹದಿನೈದೇ ದಿನದಲ್ಲಿ ಕೈಮುಗಿದು ಹೋದರು. ಕೊನೆಗೆ ಹೆಡ್ ಮಿಸ್ ಹಂಪಿಗೆ ಹೋಗಿ ಒಬ್ಬ ಗೈಡನ್ನು ಕರೆತಂದರು.

ಅವರು ಮೊದಲ ದಿನ ತರಗತಿಗೆ ಬಂದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಬಿಳಿ ಟೋಪಿ, ಮಡಿಚಿದ ಕರೀ ಕೊಡೆ. ಆ ಕೊಡೆಯನ್ನು ಮೇಲೆತ್ತಿ ಹಿಡಿದು, "ಬರ್ರಿ ಮೇಡಂ, ಬರ್ರಿ ಸರ್, ಎಲ್ರೂ ನನ್ನ ಹಿಂದ ಬರ್ರಿ" ಎಂದು ಹೊರಟೇಬಿಟ್ಟರು. ಹನ್ನೊಂದು ಮಕ್ಕಳು ಏನೂ ತಿಳಿಯದೆ ಅವರ ಹಿಂದೆ ಸಾಲುಗಟ್ಟಿದೆವು. ಬಾಗಿಲು, ಕಿಟಕಿ, ನೀರಿನ ಟ್ಯಾಂಕು, ಬೇವಿನ ಮರ, ಕೊನೆಗೆ ಮಧ್ಯಾಹ್ನದ ನಿದ್ದೆಗೆ ತೂಕಡಿಸುತ್ತಿದ್ದ ವಾಚ್‌ಮನ್ ತಾತನವರೆಗೆ ಎಲ್ಲದಕ್ಕೂ ಜರ್ಮನ್ ಹೆಸರು ಹೇಳಿಸಿದರು. ಹದಿನಾಲ್ಕು ವರ್ಷದ ಹುಡುಗಿಯನ್ನು ಮೇಡಂ ಎಂದು ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವತ್ತು ಸಂಜೆ ಮನೆಗೆ ಆಟೋದಲ್ಲಿ ಬಂದೆನೋ ಹಾರಿ ಬಂದೆನೋ!

ಅವ್ವನಿಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. ನಮ್ಮ ಓಣಿಯಲ್ಲಿ ಜರ್ಮನ್ ಎಂದರೆ ಅಲ್ಯೂಮಿನಿಯಂ ಪಾತ್ರೆ. "ಅದನ್ನ ಕಲ್ತು ಏನ್ ಮಾಡ್ತೀಯವ್ವಾ, ಜರ್ಮನ್ ಬೋಗುಣಿ ಮಾರ್ತೀಯೇನು?" ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು. ನಾನು ಸಿಟ್ಟಿನಿಂದ ಅವಳಿಗೆ ಜರ್ಮನ್‌ನಲ್ಲಿ ಶುಭ ಸಂಜೆ ಹೇಳಿದೆ. ಅವಳು ಅದೇನೋ ಬೈಗುಳವೆಂದು ತಿಳಿದು ಸೌಟು ಎತ್ತಿದಳು.

ಸರ್ ಜರ್ಮನ್ ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಇಪ್ಪತ್ತು ವರ್ಷ ಪ್ರವಾಸಿಗರ ಜೊತೆ ಹಂಪಿಯ ಕಲ್ಲುಗಳ ನಡುವೆ ನಡೆದು, ಕಿವಿಯಿಂದಲೇ ಹೀರಿಕೊಂಡಿದ್ದರು. ಪಾಠವೂ ಹಾಗೇ. ಭಾನುವಾರ ನಮ್ಮನ್ನು ಹಂಪಿಗೆ ಕರೆದೊಯ್ದು ಅರ್ಧ ಮಕ್ಕಳನ್ನು ಗೈಡ್ ಮಾಡುತ್ತಿದ್ದರು, ಉಳಿದರ್ಧ ಟೂರಿಸ್ಟ್. ಟೂರಿಸ್ಟುಗಳು ಸುಮ್ಮನೆ ಇರುವಂತಿಲ್ಲ, ಪೀಡಿಸಬೇಕು. ಮಂಗ ಕಚ್ಚುತ್ತದೆಯೇ? ಎಳನೀರು ಕುಡಿದರೆ ಹೊಟ್ಟೆ ಕೆಡುತ್ತದೆಯೇ? ಇಷ್ಟು ಬಿಸಿಲಲ್ಲಿ ರಾಜರು ಹೇಗೆ ಬದುಕಿದರು? ಉತ್ತರ ಹೊಳೆಯದೆ ನಾವು ಕಂಬ ತಬ್ಬಿಕೊಂಡು ನಗುತ್ತಿದ್ದರೆ, ನಿಜವಾದ ಪ್ರವಾಸಿಗರು ನಿಂತು ಫೋಟೋ ತೆಗೆಯುತ್ತಿದ್ದರು.

ಇನ್ನು ಪರೀಕ್ಷೆಯ ತಯಾರಿಗೆ ಮದುವೆ ಕಾರ್ಡು. ಊರಿನಲ್ಲಿ ಯಾರ ಮನೆಯ ಕಾರ್ಡು ಬಂದರೂ ಸರ್ ಅದನ್ನು ನಾಲ್ಕು ತುಂಡು ಮಾಡಿ, ಹಿಂಬದಿಯ ಖಾಲಿ ಜಾಗದಲ್ಲಿ ಒಂದೊಂದು ಚಿತ್ರ ಬರೆಯುತ್ತಿದ್ದರು. ರೈಲು, ಚಹಾ, ಜ್ವರ, ಗಡಿಯಾರ. ಒಬ್ಬರು ಕಾರ್ಡು ಎತ್ತಿ ಪ್ರಶ್ನೆ ಕೇಳಬೇಕು, ಎದುರಿಗೆ ಕೂತವರು ಉತ್ತರ ಹೇಳಬೇಕು. ಎದುರಿನವರು ತಡವರಿಸಿದಾಗ ನಾವು ಮುಸಿಮುಸಿ ನಕ್ಕರೆ ಸರ್‌ಗೆ ಎಲ್ಲಿಲ್ಲದ ಕೋಪ. ಆಗೆಲ್ಲ ತಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತಿದ್ದರು.

"ಗೆಸ್ಟ್ ಹೆದ್ರಿ ಸುಮ್ನಾದ್ರಂದ್ರ ಗೈಡ್ ತನ್ನ ಪಾಂಡಿತ್ಯ ತೋರಸ್ಬಾರ್ದು ಮೇಡಂ. ಸಣ್ಣ ಪ್ರಶ್ನಿ ಕೇಳ್ಬೇಕು. ಅವ್ರಿಗೆ ಉತ್ತರ ಗೊತ್ತಿರೋವಂಥಾ ಸಣ್ಣ ಪ್ರಶ್ನಿ. ಒಮ್ಮೆ ಬಾಯಿ ಬಿಟ್ರು ಅಂದ್ರ, ಆಮ್ಯಾಲ ಅವ್ರೇ ಮಾತಾಡ್ತಾರ."

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಸರ್ ಕೊಡೆ ಎತ್ತದೆ ತರಗತಿಗೆ ಬಂದರು. ಕುರ್ಚಿಯ ಮೇಲೆ ಕೂತು ಟೋಪಿ ತೆಗೆದರು. ವಿಷಯ ಮುಚ್ಚಿಡದೆ ಹೇಳಿದರು. ಅವರ ಬಳಿ ಜರ್ಮನ್ ಕಲಿತದ್ದಕ್ಕೆ ಒಂದು ಚೀಟಿಯೂ ಇಲ್ಲವೆಂದು ಆಡಳಿತ ಮಂಡಳಿಯವರು ತಕರಾರು ಎತ್ತಿದ್ದರು. ಬೇಸಿಗೆಯಲ್ಲಿ ನಾವು ಬೆಂಗಳೂರಿಗೆ ಹೋಗಿ ಬರೆಯಲಿದ್ದ ಜರ್ಮನ್ ಭಾಷೆಯ ಎರಡನೇ ಹಂತದ ಪರೀಕ್ಷೆಯನ್ನು ಸರ್ ಕೂಡ ಬರೆದು ಪಾಸಾಗಬೇಕು. ಇಲ್ಲವಾದರೆ ಜೂನ್‌ನಿಂದ ಜರ್ಮನ್ ತರಗತಿ ಬಂದ್.

ಸಂಡೂರಿನಿಂದ ಬರುತ್ತಿದ್ದ ನನ್ನ ಗೆಳತಿ ಎದ್ದು ನಿಂತು, "ಸರ್, ಹಂಗಾದ್ರ ನೀವೂ ನಮ್ ಕ್ಲಾಸ್‌ಮೇಟು!" ಎಂದು ಕೂಗಿದಳು. ತರಗತಿ ಹೋ ಎಂದಿತು. ಸರ್ ಎದ್ದು ಬಂದು ನಮ್ಮ ಬೆಂಚಿನ ತುದಿಯಲ್ಲಿ ಕೂತೇಬಿಟ್ಟರು.

ಆ ಮೂರು ತಿಂಗಳಷ್ಟು ಸಂಭ್ರಮವನ್ನು ನಾನು ಮತ್ತೆ ಯಾವ ಶಾಲೆಯಲ್ಲೂ ಕಂಡಿಲ್ಲ. ಸರ್‌ಗೆ ಮಾತು ನೀರು ಕುಡಿದಷ್ಟು ಸಲೀಸು, ಬರವಣಿಗೆ ಮಾತ್ರ ಕಬ್ಬಿಣದ ಕಡಲೆ. ಆದ್ದರಿಂದ ಬೆಳಿಗ್ಗೆ ಅವರು ನಮಗೆ ಮಾತು ಕಲಿಸುವುದು, ಮಧ್ಯಾಹ್ನ ನಾವು ಅವರಿಗೆ ಪತ್ರ ಬರೆಯಲು ಕಲಿಸುವುದು. ಗೆಳತಿ ಅವರ ನೋಟ್‌ಬುಕ್ಕಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಸರ್, ಮತ್ತ ತಪ್ಪು" ಎಂದರೆ ಐವತ್ತರ ಆ ಮನುಷ್ಯ ನಗುತ್ತಾ ಅಂಗೈ ಚಾಚುತ್ತಿದ್ದರು, ಏಟು ಕೊಡಿ ಎಂದು. ಎಷ್ಟು ತಿದ್ದಿದರೂ ಬರವಣಿಗೆಯಲ್ಲಿ ಅಂಕ ಮೇಲೇಳಲಿಲ್ಲ. ಒಟ್ಟು ಅಂಕ ಹಾಕಿ ನೋಡಿದಾಗಲೆಲ್ಲ ಒಂದೇ ಮಾತು ಸ್ಪಷ್ಟವಾಗುತ್ತಿತ್ತು. ಬರೆಯುವುದರಲ್ಲಿ ಹೋದದ್ದನ್ನು ಸರ್ ಮೌಖಿಕ ಪರೀಕ್ಷೆಯಲ್ಲೇ ತಂದುಕೊಳ್ಳಬೇಕು.

"ಅದ್ರ ಚಿಂತಿ ಬಿಡ್ರಿ ಮೇಡಂ. ಮಾತಿನಾಗ ಪೂರ್ತಿ ತರ್ತೀನಿ," ಎನ್ನುತ್ತಿದ್ದರು. ತರುತ್ತಾರೆ ಎಂಬುದರಲ್ಲಿ ನಮಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಪರೀಕ್ಷೆಯ ದಿನ ಬೆಂಗಳೂರಿನ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸರ್ ಕೊಡೆ ಎತ್ತಿದರು, ಹನ್ನೊಂದು ಮಂದಿ ಹಿಂದೆ. ಜನ ನಮ್ಮನ್ನು ನೋಡಿ ನಗುತ್ತಿದ್ದರೆ ನಮಗೆ ಇನ್ನಷ್ಟು ಹುರುಪು. ಬರವಣಿಗೆ ಮುಗಿಸಿ ಹೊರಬಂದ ಸರ್ ಮುಖ ನೋಡಿಯೇ ತಿಳಿಯಿತು, ಅಂದುಕೊಂಡಷ್ಟೂ ಆಗಿಲ್ಲ. ಆದರೆ ಮಾತು ಬಾಕಿ ಇತ್ತಲ್ಲ! ಮೌಖಿಕಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿ ಪಟ್ಟಿ ಅಂಟಿಸಿದ್ದರು. ನನ್ನ ಹೆಸರಿನ ಪಕ್ಕದಲ್ಲಿ ಸರ್ ಹೆಸರು. ನಾನು ಕುಣಿದಾಡಿಬಿಟ್ಟೆ.

ಒಳಗೆ ಇಬ್ಬರು ಪರೀಕ್ಷಕರು. ಇಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟರು. ನನ್ನ ಹಾಳೆಯಲ್ಲಿ ನನ್ನ ಶನಿವಾರದ ಕೆಲಸಗಳ ಪಟ್ಟಿ, ಅವರದರಲ್ಲಿ ಅವರದು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಗೆಳೆಯನಿಗೆ ಉಡುಗೊರೆ ತರಲು ಇಬ್ಬರಿಗೂ ಬಿಡುವಿರುವ ಹೊತ್ತನ್ನು ಮಾತಾಡಿಕೊಂಡು ಗೊತ್ತುಮಾಡಬೇಕು. ಇಷ್ಟೇ. ಕಾರ್ಡು ಇಟ್ಟುಕೊಂಡು ನೂರು ಸಲ ಆಡಿದ ಆಟ. ಪರೀಕ್ಷಕಿ ನನ್ನತ್ತ ತಿರುಗಿ, ಶುರು ಮಾಡು ಎಂದರು...

ನನಗೆ ಮೊದಲ ಶಬ್ದವೇ ಮರೆತುಹೋಗಿತ್ತು. ಹಾಳೆಯ ಮೇಲಿನ ಒಂದು ಅಕ್ಷರವೂ ಕಾಣಿಸಲಿಲ್ಲ. ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ಆಗ ಎದುರಿನಿಂದ ಸರ್ ಮೆಲ್ಲಗೆ ಕೇಳಿದರು, "ಉಮ್ ತ್ಸೇನ್?" ಹತ್ತು ಗಂಟೆಗೆ?

ಹಾಳೆ ನೋಡಿದೆ. ಹತ್ತಕ್ಕೆ ನನಗೆ ಈಜು. ಇಲ್ಲ, ಹತ್ತಕ್ಕೆ ಈಜಲು ಹೋಗುತ್ತೇನೆ ಎಂದೆ. "ಉಮ್ ಎಲ್ಫ್?" ಹನ್ನೊಂದಕ್ಕೆ? ಹನ್ನೊಂದಕ್ಕೆ ಅಜ್ಜಿಯ ಮನೆ. ಅಜ್ಜಿಗೆ ಹುಷಾರಿಲ್ಲ ಎಂದು ನಾನೇ ಸೇರಿಸಿದೆ. ಹನ್ನೆರಡಕ್ಕೆ? ಅಷ್ಟರಲ್ಲಿ ನನ್ನ ನಾಲಗೆಗೆ ಚಕ್ರ ಬಂದಿತ್ತು. ಮಧ್ಯಾಹ್ನ ಹೋಗೋಣ, ಮೊದಲು ಊಟ ಮಾಡೋಣ, ಅವನಿಗೆ ಪುಸ್ತಕ ಇಷ್ಟ, ನನಗೆ ಒಂದು ಅಂಗಡಿ ಗೊತ್ತು ಎಂದು ಒಂದೇ ಸಮ ಹರಿದೆ. ಸರ್ ತಲೆಯಾಡಿಸಿದರು, ಎರಡು ಮೂರು ಶಬ್ದ ಆಡಿದರು. ಸಮಯ ಮುಗಿಯಿತು ಎಂದರು ಪರೀಕ್ಷಕಿ. ಅವರ ಮುಖದಲ್ಲಿ ನಗು ಇತ್ತು. ನನ್ನನ್ನು ಮೆಚ್ಚಿ ನಕ್ಕ ನಗು ಅದು.

ಹೊರಗೆ ಬಂದವಳೇ ಏನು ಮಾಡಿದೆ ಗೊತ್ತೇ? ಗೆಳತಿಯ ಕೈ ಹಿಡಿದು ಕೂಗಿದೆ. "ಲೇ, ಸರ್‌ಗೆ ಮಾತೇ ಹೊರಡ್ಲಿಲ್ಲ ಕಣೇ! ಹೆದ್ರಿಬಿಟ್ರು! ನಾನೇ ಎಲ್ಲಾ ಮಾತಾಡ್ದೆ!" ಸಂಜೆ ರೈಲಿನಲ್ಲಿಯೂ ಅದೇ ಕಥೆ. ಪ್ರತಿ ಸಲ ಹೇಳುವಾಗಲೂ ನಾನು ಇಷ್ಟಿಷ್ಟು ಎತ್ತರ ಬೆಳೆದೆ, ಸರ್ ಇಷ್ಟಿಷ್ಟು ಕುಗ್ಗಿದರು. ಅವರು ಕಿಟಕಿ ಪಕ್ಕ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಯಾರೋ ಬಾಯಿಬಿಟ್ಟೇ ಕೇಳಿದರು, ಹೌದಾ ಸರ್ ಎಂದು.

"ಹೌದ್ರಿ. ಮೇಡಂ ಭಾಳ ಮಸ್ತ್ ಮಾತಾಡಿದ್ರು," ಎಂದರು. ಅಷ್ಟೇ.

ಹನ್ನೊಂದು ಮಕ್ಕಳೂ ಪಾಸು! ನನಗೆ ಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ. ಸರ್‌ಗೆ ಪಾಸಾಗಲು ಎರಡು ಅಂಕ ಕಮ್ಮಿ ಬಿತ್ತು. ನನ್ನ ಕಥೆ ಅಷ್ಟರಲ್ಲಿ ಸ್ಟಾಫ್ ರೂಮಿಗೂ ತಲುಪಿತ್ತು. ಪರೀಕ್ಷೆಯಲ್ಲಿ ಬಾಯಿ ಬಿಡಲಾಗದವರು ಮಕ್ಕಳಿಗೆ ಏನು ಕಲಿಸುತ್ತಾರೆ ಎಂದು ಮಂಡಳಿಯವರು ಅಂದರಂತೆ. ಇನ್ನೊಂದು ಸಲ ಬರೆಯಲಿ ಎಂಬ ಹೆಡ್ ಮಿಸ್ ಮಾತು ನಡೆಯಲಿಲ್ಲ. ಜೂನ್‌ನಲ್ಲಿ ಗೇಟಿನ ಬೋರ್ಡಿನ ಮೇಲೆ ಸುಣ್ಣ ಬಳಿದರು. ಸರ್ ಕೊಡೆ ಹಿಡಿದು ಹಂಪಿಗೆ ವಾಪಸಾದರು.

ನಾನು ಜರ್ಮನ್ ಬಿಡಲಿಲ್ಲ. ಆ ಅಂಕಪಟ್ಟಿಯ ಹುರುಪಿನಲ್ಲೇ ಮುಂದಿನ ಹಂತಗಳನ್ನೆಲ್ಲ ಹತ್ತಿದೆ. ವರ್ಷಗಳ ಮೇಲೆ ಅದೇ ಶಾಲೆ ಮತ್ತೆ ಬೋರ್ಡು ಬರೆಸಿ ನನ್ನನ್ನು ಕರೆಯಿತು. ಕೆಲಸಕ್ಕೆ ಸೇರಿದ ವಾರದಲ್ಲೇ ಸರ್ ಕಂಪ್ಲಿ ಬಸ್ ಕಾಯುತ್ತಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸುದ್ದಿ ಹೇಳಿದೆ. "ಈಗ ಖರೇನ ಮೇಡಂ ಆದ್ರಿ ನೋಡ್ರಿ!" ಎಂದು ಅವರು ಹಿಗ್ಗಿದ್ದು ನೋಡಬೇಕಿತ್ತು. ನಾನು ಸುಮ್ಮನಿರಬಾರದೇ? "ಸರ್, ಅವತ್ತು ಹೆದ್ರಿದ್ರಲ್ಲ, ನೆನಪೈತೇನ್ರಿ?" ಎಂದು ಚುಡಾಯಿಸಿದೆ.

"ನೆನಪೈತ್ರಿ ಮೇಡಂ. ಭಾಳ ಹೆದ್ರಿಕಿ ಆಗಿತ್ತು," ಎಂದು ನಕ್ಕರು. ಬಸ್ ಬಂತು.

ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅದಾದ ಎರಡು ವರ್ಷಕ್ಕೆ ನನ್ನನ್ನು ಮೌಖಿಕ ಪರೀಕ್ಷೆ ನಡೆಸುವ ತರಬೇತಿಗೆ ಕಳಿಸಿದರು. ಅಂಕ ಹಾಕುವುದನ್ನು ಕಲಿಸಲು ಒಂದು ವಿಡಿಯೋ ತೋರಿಸಿದರು. ಒಬ್ಬ ಹುಡುಗಿ ಹೆದರಿ ಕೂತಿದ್ದಾಳೆ, ಎದುರಿನ ಹುಡುಗ ಸಣ್ಣ ಸಣ್ಣ ಪ್ರಶ್ನೆ ಕೇಳಿ ಅವಳನ್ನು ಮಾತಿಗೆ ಎಳೆಯುತ್ತಾನೆ. ತರಬೇತುದಾರರು ವಿಡಿಯೋ ನಿಲ್ಲಿಸಿ ಹೇಳಿದರು: ಇವನಿಗೆ ಭಾಷೆ ಚೆನ್ನಾಗಿ ಬರುತ್ತದೆ, ಆದರೆ ಅವಳಿಗೆ ಜಾಗ ಬಿಟ್ಟುಕೊಟ್ಟು ತನ್ನದನ್ನು ತೋರಿಸಲೇ ಇಲ್ಲ, ನಾವು ಕೇಳಿಸಿಕೊಂಡದ್ದಕ್ಕೆ ಮಾತ್ರ ಅಂಕ ಹಾಕಬಹುದು, ಕತ್ತರಿಸಲೇಬೇಕು.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಉಮ್ ತ್ಸೇನ್... ಉಮ್ ಎಲ್ಫ್... ಹೊರಗೆ ಹೋಗಿ ನಳದ ಕೆಳಗೆ ಮುಖ ಒಡ್ಡಿ ಅತ್ತೆ. ಆ ಕೋಣೆಯಲ್ಲಿ ಅವರಿಗೆ ಒಂದೊಂದು ಅಂಕವೂ ಬೇಕಿತ್ತು, ಅದು ನನಗೂ ಗೊತ್ತಿತ್ತು. ಅಷ್ಟೂ ಹೊತ್ತನ್ನು ನನಗೆ ಕೊಟ್ಟು, ಮೇಲೆ ನಾನು ಹಬ್ಬಿಸಿದ ಕಥೆಗೂ ಹೌದ್ರಿ ಅಂದಿದ್ದರು.

ಮುಂದಿನ ವಾರ ನನ್ನ ಹದಿಮೂರು ಮಕ್ಕಳು ಪರೀಕ್ಷೆಗೆ ಹೊರಡುತ್ತಾರೆ. ನಿನ್ನೆಯ ಕಾರ್ಡಿನಿಂದ ನಾಲ್ಕು ತುಂಡು ಬಂತು. ನಾಲ್ಕರಲ್ಲೂ ಚಿತ್ರ ಬರೆದೆ. ಬರೆಯುವುದನ್ನು ನೋಡುತ್ತಿದ್ದ ಗಣಿತದ ಮೇಷ್ಟ್ರಿಗೆ ಏನೋ ಹೊಳೆಯಿತು. "ಹಿಂದ ಒಬ್ರು ಜರ್ಮನ್ ಸರ್ ಇದ್ರಂತಲ್ಲ ಇಲ್ಲಿ, ಪರೀಕ್ಷಾದಾಗ ಹೆದ್ರಿ ಮಾತೇ ಆಡ್ಲಿಲ್ಲಂತ?" ಎಂದರು. ನಾನು ಹುಟ್ಟುಹಾಕಿದ ಕಥೆ, ನೋಡಿ, ನನಗೇ ವಾಪಸ್ ಬಂತು.

ಪೆನ್ನು ಕೆಳಗಿಟ್ಟೆ. ಸ್ಟಾಫ್ ರೂಮಿನಲ್ಲಿ ಇದ್ದವರಿಗೆಲ್ಲ ಕೇಳಿಸುವಂತೆ ಹೇಳಿದೆ.

"ಅವ್ರು ಹೆದ್ರಿರ್ಲಿಲ್ರಿ ಸರ್. ಹೆದ್ರಿದಾಕಿ ನಾನು."