ಹುಳಿ ಎಳನೀರು

ಅವರ ಎಡಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ. ಮಚ್ಚಿಗೆ ಹೋದದ್ದು. ಆ ಮೊಂಡು ಬೆರಳಿನಲ್ಲೇ ಕಾಯಿ ಒತ್ತಿ ನೋಡಿ, 'ಇದು ಬರೀ ನೀರು, ಅದ್ರಲ್ಲಿ ಗಂಜಿ ಐತೆ' ಎನ್ನುತ್ತಿದ್ದರು. ನಾನು ತಿಪಟೂರಿನಲ್ಲಿ ಎಂ.ಎ. ಓದುವಾಗ ಕಾಲೇಜಿನ ಗೇಟಿನೆದುರು ಗಾಡಿ ನಿಲ್ಲಿಸುತ್ತಿದ್ದ ಎಳನೀರಿನಣ್ಣ. ಊರು ದಂಡಿನಶಿವರದ ಕಡೆ.

ಯಾರಾದರೂ ನೀರು ಹುಳಿ ಎಂದರೆ ಅವರು ವಾದಕ್ಕಿಳಿಯುತ್ತಿರಲಿಲ್ಲ. 'ಕೊಡಿಲ್ಲಿ' ಎಂದು ತಾವೇ ಒಂದು ಗುಟುಕು ಎತ್ತಿ ಕುಡಿದು, ಹೌದಾದರೆ ಬೇರೆ ಕೆತ್ತಿ ಕೊಡುತ್ತಿದ್ದರು. 'ನನ್ ನಾಲ್ಗೆ ಒಪ್ದಿದ್ದನ್ನ ನಿಮ್ಗೆ ಕುಡಿಸ್ತೀನಾ?'

ನಾವು ಐವರು ಒಂದೇ ರೂಮು. ಕುಡಿಯಲು ಕಾರಣಕ್ಕೇನು ಬರ! ಬರ್ತ್‌ಡೇ ಬಂದರೆ, ಇಂಟರ್ನಲ್ಸ್ ಮುಗಿದರೆ, ಪಾಸಾದರೆ, ಫೇಲಾದರೆ. ಬೇಡ ಎಂದವನಿಗೆ ಉಳಿದವರು 'ಹೋಗ್ಲಾ, ಹಾಲು ಕುಡಿ ಹೋಗು' ಎನ್ನುತ್ತಿದ್ದರು. ನಾನು ಆ ಮಾತಿಗೆ ಹೆದರಿಯೇ ಶುರು ಮಾಡಿದವನು. ಎರಡನೇ ವರ್ಷದ ಹೊತ್ತಿಗೆ ಬೆಳಗ್ಗೆಯೇ ಬೇಕೆನಿಸುತ್ತಿತ್ತು. ಒಂದು ದಿನ ಎಳನೀರು ಹಿಡಿದ ನನ್ನ ಕೈ ನಡುಗುವುದನ್ನು ಅಣ್ಣ ನೋಡಿದರು. ಗಾಡಿಯ ಹಿಂದಕ್ಕೆ ಕರೆದು, 'ನಂಗೂ ಹಿಂಗೇ ನಡುಗ್ತಿತ್ತು ಕಣಪ್ಪ. ಬೆರಳು ಹೋಗಿದ್ದು ಅದ್ಕೇಯ. ಆರು ವರ್ಸ ಆಯ್ತು, ಒಂದು ತೊಟ್ಟು ಮುಟ್ಟಿಲ್ಲ. ಮುಟ್ಟಿದ್ರೆ ನಾನು ಉಳಿಯಲ್ಲ. ಇಲ್ಲಿ ಯಾರ್ಗೂ ಹೇಳಿಲ್ಲ, ನಿಂಗೆ ಹೇಳ್ದೆ. ಬುಟ್ಬುಡ್ಲಾ' ಎಂದರು.

ವಾರವೂ ಆಗಿರಲಿಲ್ಲ. ಮಟಮಟ ಮಧ್ಯಾಹ್ನ ನಮ್ಮ ರೂಮಿನವನೊಬ್ಬ ಎಳನೀರಿಗೆ ವೋಡ್ಕಾ ಸುರಿದ. ಇನ್ನೊಬ್ಬ ವಿಡಿಯೋ ಮಾಡಲು ಮೊಬೈಲ್ ಹಿಡಿದ. 'ಅಣ್ಣಾ, ಹುಳಿ ಐತೆ ನೋಡಿ.' ಅವರು ಎಂದಿನಂತೆ ಕೈ ಚಾಚಿದರು. ಅವರ ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಕುಡಿಯಬೇಡಿ ಎನ್ನಲು ಒಂದು ಗಳಿಗೆ ಸಾಕಿತ್ತು. ಥೂ, ನನ್ನ ಜನ್ಮಕ್ಕೆ! ಹಾಲು ಕುಡಿ ಅಂದಾರೆಂದು ಸುಮ್ಮನಿದ್ದೆ. ರೂಮಿನವರ ಜೊತೆ ನಕ್ಕೆ ಕೂಡ.

ಅಣ್ಣ ಉಗುಳಲಿಲ್ಲ. ನುಂಗಿ ನನ್ನ ಮುಖ ನೋಡಿದರು. 'ಹೂಂ, ಹುಳಿ ಐತೆ' ಎಂದಷ್ಟೇ ಹೇಳಿ ಬೇರೆ ಕಾಯಿ ಕೆತ್ತಿಕೊಟ್ಟರು. ಮೊದಲಿನದನ್ನು ಎಸೆಯದೆ ಗಾಡಿಯ ಕೆಳಗೆ ಇಟ್ಟುಕೊಂಡರು.

ಆಮೇಲೆ ಹದಿನೈದು ದಿನ ಗಾಡಿ ಬರಲಿಲ್ಲ. ಬಂದಾಗ ಮಚ್ಚು ಹಿಡಿದ ಅವರ ಕೈ ನಡುಗುತ್ತಿತ್ತು. ಆ ಕೈ ನೋಡಿದ ದಿನ ನಾನು ಕುಡಿತ ಬಿಟ್ಟೆ. ಬಿಟ್ಟೆನೆಂದು ಅವರಿಗೆ ಹೇಳಿದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಅವರಿಗೆ ಮತ್ತೆ ಬಿಡಲಾಗಲಿಲ್ಲ. ವರ್ಷ ತುಂಬುವುದರೊಳಗೆ ಲಿವರ್ ಹೋಗಿ ತೀರಿಕೊಂಡರು.

ಈಗ ಆ ಗಾಡಿ ಅವರ ಹೆಂಡತಿಯದು. ಎಲ್ಲ ಹೇಳಿಬಿಡಬೇಕೆಂದೇ ಮೊನ್ನೆ ಹೋಗಿದ್ದೆ. ನನ್ನ ಹೆಸರು ಹೇಳಿದೊಡನೆ ಆಕೆಯ ಮುಖ ಅರಳಿತು. 'ಅವ್ನು ನೀನೇನಪ್ಪಾ! ನನ್ ಮಾತು ಕೇಳಿ ಒಬ್ಬ ಹುಡುಗ ಬುಟ್ಟವ್ನೆ ಅಂತ ಸಾಯೋಗಂಟ ಹೇಳೋರು.' ಕಾಯಿ ಕೆತ್ತಿ ಕೈಗಿಟ್ಟು, 'ಹುಳಿ ಇದ್ರೆ ಹೇಳು, ನಾನೂ ಕುಡ್ದು ನೋಡ್ತೀನಿ' ಎಂದರು.

ನೀರು ಹುಳಿಯಾಗಿತ್ತು. 'ಚೆನ್ನಾಗೈತೆ ಅಕ್ಕ' ಎಂದು ಪೂರ್ತಿ ಕುಡಿದೆ.